ಬೀಗ ಮುರಿದಿಲ್ಲ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಗೆ ಫೋನು ಬಂದಿತು. ಒಂಬತ್ತು ಐವತ್ತೆರಡಕ್ಕೆ ದೂರುದಾರರು ತಾವೇ ಬಂದರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಎಫ್‌ಐಆರ್ ಸಿದ್ಧವಾಗಿ, ಮೊಹರಿನ ಮಸಿ ಆರುವ ಮುನ್ನವೇ ಅದರ ಪ್ರತಿ ಅವರ ಕೈಸೇರಿತ್ತು. ಅರ್ಧ ಗಂಟೆಯಲ್ಲಿ ಒಂದು ಎಫ್‌ಐಆರ್! ಆ ಠಾಣೆಯ ಗೋಡೆಗಳು ಅಂಥ ವೇಗವನ್ನು ಹಿಂದೆಂದೂ ಕಂಡಿರಲಿಲ್ಲ.

ಕಳವಾದದ್ದು ಒಂದು ಸೈಕಲ್ಲು. ಕಳೆದುಕೊಂಡವರು ದೊಡ್ಡಾಸ್ಪತ್ರೆಯ ಸೂಪರಿಂಟೆಂಡೆಂಟರು. ಮೈಯಲ್ಲಿ ಸಕ್ಕರೆ ಏರಿದ ಮೇಲೆ ಕಾರನ್ನು ಮನೆಯಲ್ಲಿ ಬಿಟ್ಟು ಸೈಕಲ್ ತುಳಿಯತೊಡಗಿದ್ದ ಹಿರಿಯ ವೈದ್ಯರು. ಅಂದು ಏಳೂವರೆಗೆ ನೌಕರರ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹಿಂಚಕ್ರವನ್ನೂ ಚೌಕಟ್ಟನ್ನೂ ಅಲ್ಲಿನ ಕಬ್ಬಿಣದ ಅಡ್ಡಪಟ್ಟಿಯನ್ನೂ ಸೇರಿಸಿ ಸರಪಳಿ ಬಿಗಿದು ಬೀಗ ಹಾಕಿದ್ದರು. ಒಂಬತ್ತೂಕಾಲಿಗೆ ಬಂದು ನೋಡಿದರೆ ಸೈಕಲ್ಲಿಲ್ಲ. ಸರಪಳಿ ಮಾತ್ರ ಅಡ್ಡಪಟ್ಟಿಯನ್ನು ತಬ್ಬಿಕೊಂಡು, ಬೀಗ ಹಾಕಿದ್ದು ಹಾಕಿದಂತೆಯೇ ನೇತಾಡುತ್ತಿತ್ತು.

"ಬೀಗ ಮುರಿದಿರಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲಾರೀ. ನನ್ನ ಕೀಲಿಯಿಂದಲೇ ತೆಗೆದು ತಂದಿದೀನಿ, ನೋಡಿ."

"ಇನ್ನೊಂದು ಕೀಲಿ?"

"ಮನೆಯಲ್ಲಿದೆ. ಫೋನ್ ಮಾಡಿ ಖಾತ್ರಿ ಮಾಡ್ಕೊಂಡೆ."

"ಫ್ರೇಮಿನ ನಂಬರು?"

"ಫ್ರೇಮಿಗೆ ನಂಬರು ಇರುತ್ತಾ?" ಎಂದು ವೈದ್ಯರು ಬೆರಗಾದರು.

ಹೆಡ್ ಕಾನ್‌ಸ್ಟೇಬಲ್ ಪದವಿಯ ಠಾಣಾ ಬರಹಗಾರ ಅಂದು ತುದಿಗಾಲಲ್ಲೇ ನಿಂತಿದ್ದ. ಕುರ್ಚಿ ಒರೆಸಿದ, ಫ್ಯಾನು ತಿರುಗಿಸಿದ, ವೈದ್ಯರನ್ನು ಜೀಪಿನವರೆಗೆ ಕಳುಹಿಸಿಕೊಟ್ಟು ಬಂದ. ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಗೋಡೆ ಪಕ್ಕದ ಬೆಂಚಿನ ಮೇಲೆ ಎಂಟು ಗಂಟೆಯಿಂದ ಕುಳಿತಿದ್ದ ಹೆಂಗಸು ಎದ್ದು ಇನ್ಸ್‌ಪೆಕ್ಟರರ ಮೇಜಿನೆದುರು ನಿಂತಿದ್ದಳು. ಐವತ್ತರ ಪ್ರಾಯ, ಆಸ್ಪತ್ರೆಯ ಎಂಟನೇ ವಾರ್ಡಿನ ಆಯಾ. ಕೈಯಲ್ಲೊಂದು ಬಟ್ಟೆಯ ಚೀಲ.

"ಅರ್ಧ ಗಂಟೇಲಿ ಆಗುತ್ತಾ ಸಾರ್ ಇದು?"

"ಯಾವುದಮ್ಮಾ?"

"ಎಫ್‌ಐಆರು. ಎರಡೂವರೆ ತಿಂಗಳಿಂದ ಅಲೀತಿದೀನಿ. ಎಲ್ಲೋ ಭಾರಿ ಕಷ್ಟದ ಕೆಲಸ ಇರ್ಬೇಕು ಅಂದ್ಕೊಂಡಿದ್ದೆ."

"ಏ ತಾಯೀ," ಬರಹಗಾರ ಮುಂದೆ ಬಂದ. "ನಿಂಗೆ ಅವತ್ತೇ ಹೇಳಿಲ್ವಾ? ಬೀಗ ಮುರಿದಿಲ್ಲ ಅಂದ್ಮೇಲೆ ನೀನು ಬೀಗ ಹಾಕೇ ಇಲ್ಲ ಅಂತ ಲೆಕ್ಕ."

"ಡಾಕ್ಟರ ಬೀಗಾನೂ ಮುರಿದಿಲ್ವಲ್ಲಣ್ಣ. ಅವರೂ ಹಾಕಿರಲಿಲ್ಲ ಅಂತ ಬರೆದ್ಯಾ?"

ಆಯಾ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಸರಪಳಿಯೊಂದು ಗಲಗಲನೆ ಸುರಿಯಿತು. ತುದಿಯಲ್ಲಿ ಬೀಗ, ಬೀಗದಲ್ಲಿ ಕೀಲಿ. ಅದರ ಹಿಂದೆಯೇ ಮಡಿಸಿದ ಒಂದು ಕಾಗದ. ಇನ್ಸ್‌ಪೆಕ್ಟರ್ ಬಿಡಿಸಿ ಓದಿದರು: ಸದರಿ ನೌಕರಳು ಪದೇ ಪದೇ ಪಾಳಿಗೆ ತಡವಾಗಿ ಬರುತ್ತಿದ್ದು, ಸೈಕಲ್ ಕಳವಾಗಿದೆಯೆಂಬ ಕಾರಣಕ್ಕೆ ಪೊಲೀಸ್ ದಾಖಲೆಯನ್ನು ಮಾರ್ಚ್ ಹದಿನಾಲ್ಕರ ಸಂಜೆ ಐದರೊಳಗೆ ಹಾಜರುಪಡಿಸದಿದ್ದಲ್ಲಿ ಕೆಲಸದಿಂದ ತೆಗೆಯಲಾಗುವುದು.

"ಆರಕ್ಕೆ ಪಾಳಿ ಸಾರ್. ನಮ್ಮ ಕಡೆಯಿಂದ ಮೊದಲ ಬಸ್ಸು ಆರೂವರೆಗೆ. ನಡ್ಕೊಂಡು ಬಂದ್ರೆ ಎರಡು ಗಂಟೆ. ಮಂಡಿ ಎರಡೂ ಬಾತು ಕೂತಿವೆ. ನಂಗೆ ಸೈಕಲ್ ಹುಡುಕಿಕೊಡಿ ಅಂತ ಕೇಳ್ತಿಲ್ಲ. ಹೋಗಿದೆ ಅಂತ ಒಂದು ಕಾಗದ ಬರೆದುಕೊಡಿ, ಸಾಕು."

ಇನ್ಸ್‌ಪೆಕ್ಟರ್ ತಲೆಯೆತ್ತದೆ ಕೇಳಿದರು: "ಬರಹಗಾರರೇ, ಆಸ್ಪತ್ರೆ ಸ್ಟ್ಯಾಂಡಿಂದ ಸೈಕಲ್ ಹೋಯ್ತು ಅಂತ ಇದುವರೆಗೆ ಎಷ್ಟು ಜನ ಬಂದಿದಾರೆ?"

ಬರಹಗಾರ ತನ್ನ ಮೇಜಿನ ಮೊಳೆಗೆ ಚುಚ್ಚಿದ್ದ ಚೀಟಿಗಳನ್ನು ಎಣಿಸಿ ತಂದ. ಹನ್ನೊಂದು. ಮೊದಲನೆಯದು ಡಿಸೆಂಬರ್ ಇಪ್ಪತ್ತಾರರದು, ಆಯಾಳದೇ. ಅನಂತರ ಜಾಡಮಾಲಿ, ಅಡುಗೆಯಾತ, ಕಾಂಪೌಂಡರು, ಗುಮಾಸ್ತೆ, ಇಬ್ಬರು ದಾದಿಯರು, ಎಕ್ಸ್‌ರೇ ಕೋಣೆಯವನು, ಹೆಡ್ ನರ್ಸು, ಕಿರಿಯ ವೈದ್ಯರಿಬ್ಬರು. ಒಂದೊಂದು ಚೀಟಿಯ ಅಂಚಿನಲ್ಲೂ ಅವೇ ಮೂರು ವಾಕ್ಯಗಳು, ಅದೇ ಕೈಬರಹದಲ್ಲಿ: "ಬೀಗ ಮುರಿದಿಲ್ಲ. ಕಳವಲ್ಲ. ಮುಕ್ತಾಯ."

ಇನ್ಸ್‌ಪೆಕ್ಟರರ ಕಿವಿಯ ಅಂಚು ಕೆಂಪಾಯಿತು. ಠಾಣೆಯವರಿಗೆಲ್ಲ ಆ ಲಕ್ಷಣದ ಪರಿಚಯವಿತ್ತು.

"ಹನ್ನೊಂದು ಜನ ಕೂಡಿಕೊಂಡು ಸುಳ್ಳು ಹೇಳಿದ್ರು, ಹನ್ನೆರಡನೆಯವರು ಒಬ್ಬರೇ ನಿಜ ಹೇಳಿದ್ರು. ಹೌದೇನ್ರೀ?"

ಬರಹಗಾರ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಕರಡು ಬರೆಯಲು ಇನ್ಸ್‌ಪೆಕ್ಟರ್ ಕರೆದೊಯ್ದದ್ದು ಹೊಸದಾಗಿ ಸೇರಿದ್ದ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳನ್ನು. ಕಂಡದ್ದನ್ನೆಲ್ಲ ಬರೆಯುತ್ತಾಳೆಂದು ಠಾಣೆಯಲ್ಲಿ ಅವಳಿಗೆ "ಚಿತ್ರಗುಪ್ತ" ಎಂಬ ಅಡ್ಡಹೆಸರು ಬಿದ್ದಿತ್ತು. ಸ್ಟ್ಯಾಂಡು ಆಸ್ಪತ್ರೆಯ ಹಿಂಭಾಗದಲ್ಲಿ. ತಗಡಿನ ಮಾಡು, ಐದು ಸಾಲು ಅಡ್ಡಪಟ್ಟಿ, ಸುಮಾರು ಇನ್ನೂರು ಸೈಕಲ್ಲು. ಅರ್ಧಕ್ಕರ್ಧ ಒಂದೇ ಕಂಪನಿಯವು, ಒಂದೇ ಕಪ್ಪು ಬಣ್ಣದವು; ನೌಕರರ ಸಹಕಾರ ಭಂಡಾರದಿಂದ ಸಗಟಾಗಿ ಕೊಂಡವು. ಕೆಲವರು ಸರಪಳಿಯನ್ನು ಸೀಟಿಗೆ ಮಾಲೆ ಹಾಕಿದಂತೆ ಸುತ್ತಿ ಹೋಗಿದ್ದರು. ಕೆಲವರು ಮುಂಚಕ್ರವನ್ನಷ್ಟೇ ಕಟ್ಟಿದ್ದರು. ನಟ್ಟು ಬಿಚ್ಚಿದರೆ ಚಕ್ರ ಉಳಿದು ಸೈಕಲ್ಲು ಹೋಗುತ್ತಿತ್ತು. ಆದರೆ ಕಳೆದುಕೊಂಡವರು ಇಂಥ ಅಜಾಗರೂಕರಲ್ಲ. ಹನ್ನೆರಡು ಮಂದಿಯೂ ಹಿಂಚಕ್ರ, ಚೌಕಟ್ಟು, ಪಟ್ಟಿ ಮೂರನ್ನೂ ಸೇರಿಸಿ ಬಿಗಿದವರು. ಇನ್ಸ್‌ಪೆಕ್ಟರರನ್ನು ಕಾಡಿದ್ದು ಅದೇ. ಕಳ್ಳ ಸುಲಭದ್ದನ್ನು ಬಿಟ್ಟು ಭದ್ರವಾದದ್ದನ್ನೇ ಆರಿಸಿದ್ದ.

"ಮೂಲೆಯಲ್ಲಿ ಗೋಡೆಗೊರಗಿದಂತೆ ಒಂದು ಕಪ್ಪು ಸೈಕಲ್ಲು," ಎಂದು ಕಾನ್‌ಸ್ಟೇಬಲ್ ಗುನುಗುತ್ತ ಬರೆದಳು. "ಬೀಗ ಹಾಕಿದೆ. ಬೆರಳಿಟ್ಟರೆ ಗುರುತು ಬೀಳುವಷ್ಟು ಧೂಳು. ಎರಡೂ ಚಕ್ರದಲ್ಲಿ ಗಾಳಿ ಇಲ್ಲ."

"ಇರೋ ಸೈಕಲ್ಲನ್ನ ಯಾಕಮ್ಮ ಬರೀತೀಯಾ? ಹೋಗಿರೋದನ್ನ ಬರಿ," ಎಂದು ಹಿಂದೆಯೇ ಬಂದಿದ್ದ ಬರಹಗಾರ ನಕ್ಕ.

"ಇದೆಯಲ್ಲ ಸಾರ್, ಅದಕ್ಕೇ ಬರೆದೆ."

ಆಸ್ಪತ್ರೆಯ ಆವರಣಕ್ಕೆ ಒಂದೇ ಗೇಟು. ಅದರ ಕಾವಲಿಗೆ ಮೀಸೆ ತಾತ. ಮುಖದ ಅರ್ಧ ಭಾಗವನ್ನು ಮೀಸೆಗೇ ಬಿಟ್ಟುಕೊಟ್ಟಿದ್ದ ಮುದುಕ.

"ಈ ಎರಡೂವರೆ ತಿಂಗಳಲ್ಲಿ ಯಾರು ಯಾರ ಸೈಕಲ್ ತಗೊಂಡು ಹೋದರು?"

"ಯಾರೂ ಇಲ್ಲ ಸಾರ್. ಸೈಕಲ್ ಮೇಲೆ ಬಂದವರು ಸೈಕಲ್ ಮೇಲೆ ಹೋಗಿದಾರೆ. ನಡ್ಕೊಂಡು ಬಂದವರು ನಡ್ಕೊಂಡು ಹೋಗಿದಾರೆ."

"ಹನ್ನೆರಡು ಸೈಕಲ್ ಹೋಗಿದೆ ತಾತಾ."

"ಈ ಗೇಟಿಂದ ಹೋಗಿಲ್ಲ."

"ಮತ್ತೆ ಹಾರಿ ಹೋಯ್ತಾ? ನಿದ್ದೆ ಹೊಡೀತಿದ್ದೆ ಅಂತ ಒಪ್ಕೋ!"

ತಾತನ ಮೀಸೆ ನಡುಗಿತು. "ಮೂವತ್ತು ವರ್ಷ ಈ ಕಲ್ಲಿನ ಮೇಲೆ ಕೂತಿದೀನಿ. ಯಾರ ಕಾಲು ಎಳೆಯುತ್ತೆ, ಯಾರ ಸೈಕಲ್ ಕಿರುಗುಟ್ಟುತ್ತೆ, ಎಲ್ಲಾ ಗೊತ್ತು ನಂಗೆ. ಹಂಗೆಲ್ಲ ಬಾಯಿಗೆ ಬಂದಂಗೆ ಮಾತಾಡ್ಬೇಡಿ ಸಾರ್. ಇಲ್ಲಿಂದ ಹೋಗಿಲ್ಲ ಅಂದ್ರೆ ಹೋಗಿಲ್ಲ."

ಸುಳ್ಳು ಹೇಳುವ ಹನ್ನೆರಡನೆಯವನು ಸಿಕ್ಕ, ಎಂದು ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಅಂದುಕೊಂಡರು. ಅಂದುಕೊಂಡ ಮರುಕ್ಷಣವೇ ಯಾಕೋ ಅವರಿಗೆ ಬೆಳಿಗ್ಗೆ ತಾವಾಡಿದ ಮಾತು ನೆನಪಾಯಿತು.

ಅಂದು ಮಧ್ಯಾಹ್ನವೆಲ್ಲ ಕಾನ್‌ಸ್ಟೇಬಲ್ ವಾರ್ಡಿಂದ ವಾರ್ಡಿಗೆ ತಿರುಗಿ, ಕಳೆದುಕೊಂಡವರ ಬಳಿ ಉಳಿದಿದ್ದ ಸರಪಳಿಗಳನ್ನು ಕೀಲಿಸಮೇತ ತಂದಳು. ಮೂವರು ಆಗಲೇ ಎಸೆದಿದ್ದರು, ಒಂಬತ್ತು ಸಿಕ್ಕವು. ಪ್ರತಿಯೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ, ಕೀಲಿಗಳಿಗೆ ಬೇರೆ ಚೀಟಿ ಕಟ್ಟಿ, ತಟ್ಟೆಯಲ್ಲಿಟ್ಟಳು. ನಾಲ್ಕು ಗಂಟೆ ಇಪ್ಪತ್ತಕ್ಕೆ ಬರಹಗಾರ ಆ ತಟ್ಟೆಯನ್ನು ಎತ್ತಿಕೊಂಡು, ಕೇಸಿನ ವಸ್ತುಗಳನ್ನಿಡುವ ಮುದ್ದೆಮಾಲಿನ ಕೋಣೆಗೆ ಹೊರಟ. ಹೊಸ್ತಿಲು ಎಡವಿದ. ತಟ್ಟೆ ಒಂದು ಕಡೆ, ಟೋಪಿ ಒಂದು ಕಡೆ; ಕೀಲಿಗಳು ನೆಲದ ತುಂಬ ಚೆಲ್ಲಾಪಿಲ್ಲಿಯಾಗಿ, ಚೀಟಿಗಳೆಲ್ಲ ಕಿತ್ತುಹೋದವು.

"ಮಧ್ಯಾಹ್ನದಿಂದ ಬರೆದದ್ದೆಲ್ಲ ಹೊಳೆಗೆ ಹಾಕಿದಿರಲ್ಲ ಸಾರ್!" ಅವಳಿಗೆ ಅಳುವೇ ಬಂದಿತ್ತು.

"ಅಯ್ಯೋ, ಕೂಗಾಡಬೇಡಮ್ಮಾ. ಹಾಕಿ ನೋಡಿದ್ರೆ ಯಾವ ಬೀಗಕ್ಕೆ ಯಾವ ಕೀಲಿ ಅಂತ ಗೊತ್ತಾಗುತ್ತೆ." ಬರಹಗಾರ ನೆಲದ ಮೇಲೆ ಕುಳಿತು, ಕೈಗೆ ಸಿಕ್ಕ ಕೀಲಿಯನ್ನು ಕೈಗೆ ಸಿಕ್ಕ ಬೀಗಕ್ಕೆ ತೂರಿಸಿದ. ತೆರೆಯಿತು. "ನೋಡಿದ್ಯಾ? ಮೊದಲ ಏಟಿಗೇ ಸಿಕ್ತು." ಅದೇ ಕೀಲಿಯನ್ನು ಪಕ್ಕದ ಬೀಗಕ್ಕೆ, ಸುಮ್ಮನೆ, ಹಾಕಿ ತಿರುಗಿಸಿದ. ಅದೂ ತೆರೆಯಿತು. ಮೂರನೆಯದೂ ತೆರೆಯಿತು. ಬರಹಗಾರ ಕೀಲಿಯನ್ನು ಬಿಸಿ ತಾಗಿದವನಂತೆ ಕೆಳಗೆ ಬಿಟ್ಟ.

ಇನ್ಸ್‌ಪೆಕ್ಟರ್ ಕುರ್ಚಿ ಬಿಟ್ಟೆದ್ದು ಬಂದು ಅದೇ ನೆಲದ ಮೇಲೆ ಕುಳಿತರು. ಒಂಬತ್ತು ಕೀಲಿ, ಒಂಬತ್ತು ಬೀಗ. ಯಾವುದನ್ನು ಯಾವುದಕ್ಕೆ ಹಾಕಿದರೂ ತೆರೆಯಿತು. ಕೀಲಿಯೊಂದನ್ನು ಬೆಳಕಿಗೆ ಹಿಡಿದರು. ತಲೆಯ ಮೇಲೆ ಕಣ್ಣಿಗೆ ಕಂಡೂ ಕಾಣದಂತೆ ಅಚ್ಚೊತ್ತಿದ್ದ ಅಂಕಿ: 43. ಒಂಬತ್ತರ ಮೇಲೂ ಅದೇ ಅಂಕಿ. ತಿಂಗಳುಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದವರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ.

ಮಾರ್ಚ್ ಹನ್ನೆರಡು, ಬೆಳಿಗ್ಗೆ ಒಂಬತ್ತೂವರೆ. ಸೈಕಲ್ಲಿನ ಜೊತೆಗೆ ಬೀಗಗಳನ್ನೂ ಮಾರಿದ್ದ ಸಹಕಾರ ಭಂಡಾರದ ಉಗ್ರಾಣಿಯ ವಿಚಾರಣೆ, ಸಾಬೂನಿನ ಪೆಟ್ಟಿಗೆಗಳ ನಡುವೆಯೇ.

"ಸರಪಳಿ ಬೀಗ ಎಷ್ಟು ತರಿಸಿದ್ರಿ?"

"ಮೂರು ಪೆಟ್ಟಿಗೆ ಸಾರ್. ಪೆಟ್ಟಿಗೆಗೆ ನಲವತ್ತು."

"ಕೀಲಿ ನಂಬರು?"

"ಪೆಟ್ಟಿಗೆಗೊಂದು."

"ಅಂದ್ರೆ ನಲವತ್ತು ಬೀಗಕ್ಕೆ ಒಂದೇ ಕೀಲಿ. ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಪೆಟ್ಟಿಗೆ ಮೇಲೇ ಬರೆದಿತ್ತು ಸಾರ್."

"ತಗೊಂಡವರಿಗೆ ಹೇಳಿದ್ರಾ?"

ಉಗ್ರಾಣಿ ನಿಜವಾಗಿಯೂ ಆಶ್ಚರ್ಯಪಟ್ಟ. "ಹೇಳಿದ್ರೆ ತಗೋತಿದ್ರಾ ಸಾರ್?"

ಇನ್ಸ್‌ಪೆಕ್ಟರ್ ಆ ಕೋಣೆಯಿಂದ ಹೊರಗೆ ಬಂದು ಒಂದು ನಿಮಿಷ ಗೋಡೆ ನೋಡಿಕೊಂಡು ನಿಂತರು. ಕೈ ಎತ್ತಿಬಿಟ್ಟೇನೆಂಬ ಭಯ ಅವರಿಗಿತ್ತು. ಮೊದಲ ಪೆಟ್ಟಿಗೆಯ ಬೀಗ ಕೊಂಡ ನಲವತ್ತು ಮಂದಿಯ ಪಟ್ಟಿ ಮಾತ್ರ ಉಗ್ರಾಣಿಯ ಪುಸ್ತಕದಲ್ಲಿ ಸರಿಯಾಗಿತ್ತು. ಹನ್ನೆರಡು ಮಂದಿಯೂ ಅದರಲ್ಲಿದ್ದರು; ಭಂಡಾರದ ಸೈಕಲ್ ಯೋಜನೆಯನ್ನು ಉದ್ಘಾಟಿಸಿ ಮೊದಲ ಬೀಗ ಪಡೆದ ಸೂಪರಿಂಟೆಂಡೆಂಟರೇ ಪಟ್ಟಿಯ ನೆತ್ತಿಯ ಮೇಲೆ.

ಕಾನ್‌ಸ್ಟೇಬಲ್ಲನ್ನೂ ಬರಹಗಾರನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಜೀಪು ಹತ್ತಿದ ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕಂಡದ್ದು ಒಂದು ಪ್ರಮಾಣ. ಕಂಡದ್ದರಿಂದ ಊಹಿಸಿದ್ದು ಇನ್ನೊಂದು. ನಂಬತಕ್ಕವರು ಆಡಿದ ಮಾತು ಮೂರನೆಯದು. ಹಿಂದಿನ ಶಾಸ್ತ್ರಕಾರರು ಈ ಮೂರನ್ನೂ ಸರಿಸಮವಾಗಿ ತೂಗಿದ್ದರು. ಠಾಣೆಯಲ್ಲಿ ಮಾತ್ರ ಮೂರನೆಯದಕ್ಕೆ ಸ್ಥಾನವೇ ಇರಲಿಲ್ಲ. ಬೆಂಚಿನ ಮೇಲೆ ಕುಳಿತವರೆಲ್ಲ ಸುಳ್ಳುಗಾರರೆಂಬಲ್ಲಿಂದಲೇ ಪ್ರತಿಯೊಂದು ತನಿಖೆಯೂ ಹೊರಡುತ್ತಿತ್ತು. ಇಂದು ತಿರುಗಿಸಿ ನೋಡಿದರೆ?

"ಚಿತ್ರಗುಪ್ತಾ, ಇವತ್ತು ಒಂದು ದಿನ ಎಲ್ಲರೂ ನಿಜ ಹೇಳಿದಾರೆ ಅಂತ ಇಟ್ಕೋ. ಬೀಗ ಹಾಕಿದ್ವಿ ಅಂದವರು ಹಾಕಿದ್ರು. ಗೇಟಿಂದ ಹೋಗಿಲ್ಲ ಅಂದ ತಾತನೂ ನಿಜ ಹೇಳಿದ. ಈಗ ಸೈಕಲ್ ಎಲ್ಲಿದೆ?"

"ಆಸ್ಪತ್ರೆ ಒಳಗೇ ಇದೆ ಸಾರ್."

"ಇನ್ನೂರು ಜನ ಓಡಾಡೋ ಜಾಗ. ಹಗಲು ಹೊತ್ತು. ಸೈಕಲ್ಲನ್ನ ಯಾರ ಕಣ್ಣಿಗೂ ಬೀಳದ ಹಾಗೆ ಹೇಗೆ ಸಾಗಿಸ್ತಾನೆ?"

ಅವಳು ನಿನ್ನೆಯ ಕರಡನ್ನು ತಿರುವಿದಳು. "ಹನ್ನೊಂದು ಐವತ್ತಕ್ಕೆ ಸ್ಟ್ಯಾಂಡ್ ಪಕ್ಕ ಒಂದು ತಳ್ಳುಗಾಡಿ ಹೋಯ್ತು ಸಾರ್. ವಾರ್ಡಿನ ಮೈಲಿಗೆ ಬಟ್ಟೆ. ರಕ್ತ, ಕೀವು. ನೀವೇ ಮೂಗು ಮುಚ್ಕೊಂಡು ಆಚೆ ತಿರುಗಿದ್ರಿ. ಅದನ್ನೂ ಬರೆದಿದೀನಿ."

ಅದರ ಕೆಳಗೆ ಸೈಕಲ್ಲನ್ನು ಮಲಗಿಸಿದರೆ ಯಾರು ತಾನೇ ಬಟ್ಟೆ ಎತ್ತಿ ನೋಡಿಯಾರು? ಇನ್ಸ್‌ಪೆಕ್ಟರ್ ಪಟ್ಟಿಯ ಮೇಲೆ ಬೆರಳಾಡಿಸಿದರು. ಇಪ್ಪತ್ತೊಂಬತ್ತನೆಯ ಹೆಸರಿನ ಮುಂದೆ ಹುದ್ದೆ: ಬಟ್ಟೆ ಕೋಣೆಯ ಮೇಲ್ವಿಚಾರಕ.

"ಅಯ್ಯೋ, ಮಡಿಕೆ ಮಾಮ!" ಬರಹಗಾರನ ದನಿ ಒಡೆಯಿತು. ಹಾಸಿಗೆ ವಸ್ತ್ರಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವ ಆತನಿಗೆ ಆಸ್ಪತ್ರೆಯಿಡೀ ಕೊಟ್ಟ ಹೆಸರದು. "ಅವನು... ಅವನೂ ಬಂದಿದ್ದ ಸಾರ್."

"ಎಲ್ಲಿಗೆ?"

"ಠಾಣೆಗೆ. ಡಿಸೆಂಬರಲ್ಲಿ. ಅವನ ಸೈಕಲ್ಲೂ ಹೋಗಿತ್ತು."

"ಅದರ ಚೀಟಿ ಎಲ್ಲಿ?"

"ಬೇರೆ ಫೈಲಲ್ಲಿದೆ ಸಾರ್."

"ಯಾವ ಫೈಲು?"

ಬರಹಗಾರ ನೆಲ ನೋಡಿದ. "ತಲೆಕೆಟ್ಟವರ ಫೈಲು."

ಠಾಣೆಯ ಬೀರುವಿನ ಕೆಳಗಿನ ಅರೆಯಲ್ಲಿ ಆ ಕಡತವಿತ್ತು. ಆಕಾಶದಿಂದ ದನಿ ಕೇಳುವವರು, ನೆರೆಮನೆಯವರು ಮಾಟ ಮಾಡಿಸಿದ್ದಾರೆಂದವರು, ಇವರ ನಡುವೆ ಮಡಿಕೆ ಮಾಮನ ನಾಲ್ಕು ಚೀಟಿ. ಡಿಸೆಂಬರ್ ನಾಲ್ಕು: ಸೈಕಲ್ ಹೋಗಿದೆ. ಡಿಸೆಂಬರ್ ಐದು: ಕಳವಿನ ದಾಖಲೆ ಬೇಕು, ಮೇಲಧಿಕಾರಿಗೆ ತೋರಿಸಬೇಕು. ಡಿಸೆಂಬರ್ ಹನ್ನೆರಡು: ದಯವಿಟ್ಟು. ಡಿಸೆಂಬರ್ ಹದಿನೆಂಟರದು ಮಾತ್ರ ಉದ್ದದ್ದು: "ಸ್ಟ್ಯಾಂಡಿನ ಮೂಲೆಯಲ್ಲಿ ನಿಂತಿರುವ ಸೈಕಲ್ಲನ್ನು ನನ್ನದೆಂದು ಭ್ರಮಿಸಿ ಕೀಲಿ ಹಾಕಿದೆ. ಬೀಗ ತೆರೆಯಿತು. ಫ್ರೇಮಿನ ನಂಬರು ನೋಡಿದರೆ ನನ್ನದಲ್ಲ. ನನ್ನ ಕೀಲಿಗೆ ಬೇರೆಯವರ ಬೀಗ ತೆರೆಯುತ್ತದೆ. ಆದ್ದರಿಂದ ಬೇರೆಯವರ ಕೀಲಿಗೆ ನನ್ನದೂ ತೆರೆದಿರಬೇಕು. ದಯಮಾಡಿ ಬಂದು ಪರೀಕ್ಷಿಸಬೇಕು."

ಹನ್ನೆರಡು ಕಳವುಗಳಿಗೂ ಮುಂಚೆ, ಕೇಸಿನ ಕೀಲಿಕೈಯನ್ನೇ ತಂದು ಈ ಮೇಜಿನ ಮೇಲೆ ಇಟ್ಟಿದ್ದ.

"ಇದಕ್ಕೆ ನೀವು ಏನಂದ್ರಿ?"

"ಬೇರೆಯವರ ಬೀಗ ತೆಗೀತೀಯಾ, ಹಾಗಾದ್ರೆ ನಿನ್ನನ್ನೇ ಒಳಗೆ ಹಾಕ್ತೀನಿ ಅಂದೆ ಸಾರ್."

"ಥೂ!" ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಬಡಿದ ರಭಸಕ್ಕೆ ಮಸಿಯ ಕುಡಿಕೆ ಉರುಳಿತು. "ಬೀಗ ಮುರಿದಿಲ್ಲ, ಕಳವಲ್ಲ, ಮುಕ್ತಾಯ! ಯಾವನ್ರೀ ಕಲಿಸಿದ್ದು ಇದನ್ನ ನಿಮಗೆ? ಯಾವ ಗುರು?"

ಬರಹಗಾರ ಡಿಸೆಂಬರ್ ಐದರ ಚೀಟಿಯನ್ನು ತಿರುಗಿಸಿ ಮುಂದಿಟ್ಟ. ಅಂದು ಅವನು ರಜೆಯಲ್ಲಿದ್ದ. ಅಂಚಿನಲ್ಲಿ ಆ ಮೂರು ವಾಕ್ಯಗಳು ಬೇರೆಯದೇ ಕೈಬರಹದಲ್ಲಿದ್ದವು. ಎಡಕ್ಕೆ ವಾಲಿದ, ಅವಸರದ ಅಕ್ಷರ. ಕೆಳಗೆ ಇನ್ಸ್‌ಪೆಕ್ಟರರ ಸಹಿ.

"ಸಾಹೇಬರು ಬರೆದದ್ದನ್ನೇ ಮಾದರಿ ಅಂತ ಇಟ್ಕೊಂಡೆ ಸಾರ್," ಎಂದು ಬರಹಗಾರ ಮೆಲ್ಲಗೆ ಹೇಳಿದ.

ಆ ಐದನೆಯ ತಾರೀಖು ಇನ್ಸ್‌ಪೆಕ್ಟರರಿಗೆ ನೆನಪಾಗಲೇ ಇಲ್ಲ. ಯಾರೋ ಬಂದಿರಬೇಕು, ನಿಂತಿರಬೇಕು, ತಾವು ಏನೋ ಹೇಳಿರಬೇಕು. ಎಷ್ಟು ನೆನಪಿಸಿಕೊಂಡರೂ ಮುಖ ಬರಲಿಲ್ಲ. ಸಿಟ್ಟಿಗೆ ಹೋಗಲು ದಾರಿಯಿಲ್ಲದೆ ಅದು ಹೊರಟಲ್ಲಿಗೇ ಮರಳಿ ಬಂದು ಎದೆಯ ಮೇಲೆ ಕುಳಿತಿತು.

ಹನ್ನೆರಡು ಗಂಟೆ ಹದಿನೈದು ನಿಮಿಷಕ್ಕೆ ಅವರು ಬಟ್ಟೆ ಕೋಣೆಗೆ ಹೋದರು. ಒಗೆದ ಬಟ್ಟೆಯ ಬಿಸಿ ವಾಸನೆ. ಛಾವಣಿಯವರೆಗೆ ಬಿಳಿಯ ಅಟ್ಟಿ. ತೆಳ್ಳಗಿನ, ಐವತ್ತೈದರ ಮನುಷ್ಯ ಮೇಜಿನ ಮುಂದೆ ನಿಂತು ಹೊದಿಕೆ ಮಡಿಸುತ್ತಿದ್ದ. ಬಂದವರನ್ನು ನೋಡಿದ, ಮಡಿಕೆಯನ್ನು ಮುಗಿಸಿಯೇ ಕೈಬಿಟ್ಟ.

"ಹಿಂದಿನ ಕೋಣೆ ಬೀಗ ತೆಗೀರಿ."

ಹಳೆಯ ಒಣಗಿಸುವ ಹಜಾರ. ಹರಿದ ಹಾಸಿಗೆಗಳ ಗುಡ್ಡೆಯ ಹಿಂದೆ ಹನ್ನೆರಡು ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ತೇಪೆಯ ಬಿಳಿ ಹೊದಿಕೆ. ಒಂದೊಂದರ ಹ್ಯಾಂಡಲಿಗೂ ದಾರದಲ್ಲಿ ಕಟ್ಟಿದ ಚೀಟಿ: ಯಾರದು, ಯಾವ ದಿನ, ಎಷ್ಟು ಗಂಟೆ, ಫ್ರೇಮಿನ ನಂಬರು. ಚೈನುಗಳಿಗೆ ಎಣ್ಣೆ ಹಾಕಿತ್ತು. ಒಂದರ ಬೆಲ್ಲೂ ಕಳೆದಿರಲಿಲ್ಲ. ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ತನಗಿಂತ ಚೊಕ್ಕಟವಾಗಿ ಬರೆದವನನ್ನು ಮೊದಲ ಬಾರಿಗೆ ಕಂಡಳು.

"ಯಾವುದರಿಂದ ತೆಗೆದ್ರಿ?"

ಅವನು ಜೇಬಿನಿಂದ ಒಂದು ಕೀಲಿ ತೆಗೆದು ಅಂಗೈ ಮೇಲೆ ಹಿಡಿದ. "ನನ್ನ ಸೈಕಲ್ಲಿಂದು. ಅದೊಂದೇ ಉಳಿದಿತ್ತು."

"ಮಾರಲಿಲ್ಲ ಯಾಕೆ?"

"ನಾನೇನು ಕಳ್ಳನಾ?" ಎಂದ ಅವನು, ಹೇಳಿದ ಮೇಲೆ ತಾನೇ ಕಹಿಯಾಗಿ ನಕ್ಕ. "ಪ್ರಯೋಗ ಮಾಡ್ತಿದ್ದೆ ಸಾರ್. ಯಾರ ಸೈಕಲ್ ಹೋದ್ರೆ ಎಫ್‌ಐಆರ್ ಆಗುತ್ತೆ ಅಂತ. ಆಯಾ ಆಯ್ತು, ಜಾಡಮಾಲಿ ಆಯ್ತು. ಗುಮಾಸ್ತರಿಗೂ ಬರೆಯಲಿಲ್ಲ. ಚಿಕ್ಕ ಡಾಕ್ಟರಿಗೂ ಬರೆಯಲಿಲ್ಲ. ಹನ್ನೆರಡನೇ ಮೆಟ್ಟಿಲಿಗೆ ಬರೆದ್ರಿ. ನಿನ್ನೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಅಂತ ಕೇಳಿದೆ. ನಿಜಾನಾ?"

ಇನ್ಸ್‌ಪೆಕ್ಟರರ ಸಿಟ್ಟು ಕಟ್ಟೆಯೊಡೆಯಿತು. "ದೊಡ್ಡ ಪ್ರಯೋಗ! ಆ ಆಯಾ ಎರಡೂವರೆ ತಿಂಗಳಿಂದ ದಿನಕ್ಕೆ ಎರಡು ಗಂಟೆ ನಡೀತಿದಾಳೆ, ಗೊತ್ತಾ? ಮಂಡಿ ಬಾತಿದೆ. ನಾಡಿದ್ದು ಸಂಜೆ ಐದಕ್ಕೆ ಅವಳ ಕೆಲಸ ಹೋಗುತ್ತೆ. ನಿಮಗೆ ನಾವು ಮಾಡಿದ್ದನ್ನೇ ನೀವು ಅವಳಿಗೆ ಮಾಡಿದ್ರಿ. ನಮಗೂ ನಿಮಗೂ ಏನ್ರೀ ವ್ಯತ್ಯಾಸ?"

ಮಡಿಕೆ ಮಾಮನ ಕೈ ಹೊದಿಕೆಯೊಂದನ್ನು ಹುಡುಕಿ ಹಿಡಿದುಕೊಂಡಿತು. ಕೆಲಸ ಹೋಗುವ ವಿಷಯ ಅವನಿಗೆ ತಿಳಿದಿರಲಿಲ್ಲ. ಅದು ಮುಖದಲ್ಲೇ ಕಂಡಿತು. ಅದನ್ನು ಮಡಿಸಿಟ್ಟು ತಲೆಯೆತ್ತಿದ.

"ಅದು ತಪ್ಪು. ಅದಕ್ಕೆ ಕೋಳ ಹಾಕಿ. ಬರೆಯದೇ ಬಿಟ್ಟ ಹನ್ನೊಂದು ದೂರಿಗೆ ಯಾರಿಗೆ ಹಾಕ್ತೀರಿ?"

ಹನ್ನೆರಡು ಗಂಟೆ ಐವತ್ತು ನಿಮಿಷಕ್ಕೆ ದಸ್ತಗಿರಿಯಾಯಿತು.

ಠಾಣೆಗೆ ಮರಳಿದ ಕೂಡಲೇ ಇನ್ಸ್‌ಪೆಕ್ಟರ್ ಬರಹಗಾರನನ್ನು ಕೂರಿಸಿ ಹನ್ನೊಂದು ಎಫ್‌ಐಆರ್ ಬರೆಸತೊಡಗಿದರು. ಮೊದಲನೆಯದು ಆಯಾಳದು. ನಮೂನೆಯಲ್ಲಿ ಒಂದು ಅಂಕಣವಿದೆ: ದೂರು ದಾಖಲಾಗಲು ವಿಳಂಬವಾಗಿದ್ದರೆ ಕಾರಣ. ಬರಹಗಾರ ಅಭ್ಯಾಸಬಲದಿಂದ "ದೂರುದಾರರು ತಡವಾಗಿ ಬಂದ ಕಾರಣ" ಎಂದು ಆರಂಭಿಸಿದ.

"ಹೊಡೆದು ಹಾಕಿ ಅದನ್ನ!" ಎಂಬ ಕೂಗು ಲಾಕಪ್ಪಿನವರೆಗೂ ಕೇಳಿಸಿತು. "ಅವಳು ಅವತ್ತೇ ಬಂದಿದ್ಲು. ತಡ ಮಾಡಿದ್ದು ಠಾಣೆ. ಹಾಗೇ ಬರೀರಿ. ಹನ್ನೊಂದರಲ್ಲೂ."

ಸಂಜೆ ನಾಲ್ಕು ಮೂವತ್ತೈದಕ್ಕೆ ಆಯಾ ತನ್ನ ಪ್ರತಿಯನ್ನು ಪಡೆದಳು. ಗಡುವಿಗೆ ಇನ್ನೂ ಎರಡು ದಿನವಿತ್ತು. ಓದಲು ಬಾರದ ಆಕೆ ಮೊಹರನ್ನು ಬೆರಳಿನಿಂದ ಸವರಿ ನೋಡಿದಳು. "ಇಷ್ಟೇನಾ ಇದು?" ಎಂದಷ್ಟೇ ಕೇಳಿ ಹೊರಟುಹೋದಳು. ಕೃತಜ್ಞತೆ ಹೇಳಲಿಲ್ಲ, ಹೇಳಬೇಕಾದ ಕಾರಣವೂ ಇರಲಿಲ್ಲ.

ಮಾರ್ಚ್ ಹದಿಮೂರರ ಮಧ್ಯಾಹ್ನ ಎರಡು ಗಂಟೆ, ಪಾಳಿ ಬದಲಾಗುವ ಹೊತ್ತು. ಕಾನ್‌ಸ್ಟೇಬಲ್ ಸ್ಟ್ಯಾಂಡಿನಲ್ಲಿ ಸ್ಟೂಲು ಹತ್ತಿ ನಿಂತಳು. "ನಿಮ್ಮ ಕೀಲಿ ಪಕ್ಕದವರ ಬೀಗಕ್ಕೆ ಹಾಕಿ ನೋಡಿ!" ಎಂದಳು. ಕೀಲಿಗಳ ಕಿಚಪಿಚ, ಅನಂತರ ಬೀಗಗಳು ಒಂದರ ಹಿಂದೊಂದು ತೆರೆದುಕೊಳ್ಳುವ ಸದ್ದು, ಅನಂತರ ಇನ್ನೂರು ಬಾಯಿಗಳಿಂದ ಉಗ್ರಾಣಿಗೆ ಒಟ್ಟಿಗೇ ಬಿದ್ದ ಬೈಗುಳ. "ಅವರನ್ನ ಆಮೇಲೆ ಬೈರಿ! ಕೀಲಿ ಮೇಲಿನ ಅಂಕಿ ನೋಡದೆ ಬೀಗ ಕೊಳ್ಳಬೇಡಿ. ಸೀಟಿನ ಕೆಳಗೆ ಬಗ್ಗಿ ನೋಡಿ, ಅಲ್ಲಿ ನಂಬರಿದೆ, ಬರೆದುಕೊಂಡು ಮನೇಲಿಡಿ. ಬರೀ ಮುಂದಿನ ಚಕ್ರ ಕಟ್ಟಬೇಡಿ. ನಿಮ್ಮ ಸೈಕಲ್ಲಿಗೆ ಒಂದು ಗುರುತು ಮಾಡಿ, ಕೆಂಪು ದಾರನೋ, ಬಣ್ಣನೋ. ಎಲ್ಲಾ ಕಪ್ಪು ಸೈಕಲ್ಲೂ ನಿಮ್ಮದಲ್ಲ!"

ಕೊನೆಯ ಮಾತಿಗೆ ಅವಳು ಮೂಲೆಯ ಧೂಳಿನ ಸೈಕಲ್ಲನ್ನು ನೋಡಿದಳು. ಯಾರೂ ಅದರ ಬಳಿ ಹೋಗಿರಲಿಲ್ಲ. ಬಗ್ಗಿ ನಂಬರು ಓದಿ ಭಂಡಾರದ ಪಟ್ಟಿಯಲ್ಲಿ ಹುಡುಕಿದಾಗ ಅದು ಹೆರಿಗೆ ರಜೆಯ ಮೇಲಿದ್ದ ಒಬ್ಬ ದಾದಿಯದೆಂದು ತಿಳಿಯಿತು. ಮೂರೂವರೆಗೆ ಅವಳ ಮನೆ. ಕಂಕುಳಲ್ಲಿ ಕೂಸು. ಜಗುಲಿಯ ಕೊನೆಯಲ್ಲಿ ಒಂದು ಕಪ್ಪು ಸೈಕಲ್ಲು, ಸರಪಳಿ ಬಿಗಿದು ಬೀಗ ಹಾಕಿದ್ದು.

"ನಂದೇ ಮೇಡಂ. ಡಿಸೆಂಬರ್ ನಾಲ್ಕು ನನ್ನ ಕೊನೇ ದಿನ. ತಲೆ ಸುತ್ತುತ್ತಿತ್ತು, ನನ್ನದೇ ಅಂತ ಕೀಲಿ ಹಾಕಿದೆ, ತೆರೀತು, ತಳ್ಕೊಂಡು ಬಂದೆ. ಆಮೇಲೆ ಮುಟ್ಟೇ ಇಲ್ಲ. ಯಾಕೆ, ಏನಾಯ್ತು?"

ಕಾನ್‌ಸ್ಟೇಬಲ್ ಸೀಟಿನ ಕೆಳಗೆ ಬಗ್ಗಿ ನೋಡಿದಳು: ನಂಬರು ಮಡಿಕೆ ಮಾಮನ ಸೈಕಲ್ಲಿನದು. ಕಳ್ಳನೇ ಇರಲಿಲ್ಲ. ಡಿಸೆಂಬರ್ ಐದರಂದು ಯಾರಾದರೂ ಒಂದೇ ಒಂದು ಗಂಟೆ ಸ್ಟ್ಯಾಂಡಿಗೆ ಹೋಗಿ ನೋಡಿದ್ದರೆ ಇಡೀ ಕೇಸೇ ಹುಟ್ಟುತ್ತಿರಲಿಲ್ಲ.

ಐದು ಗಂಟೆ ಹತ್ತು ನಿಮಿಷಕ್ಕೆ ಇನ್ಸ್‌ಪೆಕ್ಟರ್ ಕುರ್ಚಿಯೊಂದನ್ನು ತಾವೇ ಎತ್ತಿಕೊಂಡು ಹೋಗಿ ಲಾಕಪ್ಪಿನ ಸರಳುಗಳ ಮುಂದೆ ಹಾಕಿ ಕುಳಿತರು. ಆಸ್ಪತ್ರೆಯಿಂದ ತರಿಸಿದ್ದ ಸೇವಾ ಪುಸ್ತಕ ಅವರ ತೊಡೆಯ ಮೇಲಿತ್ತು. ಹತ್ತೊಂಬತ್ತು ವರ್ಷಗಳ ಪುಟಗಳಲ್ಲಿ ಕೆಂಪು ಶಾಯಿ ಒಂದೇ ಕಡೆ. ಡಿಸೆಂಬರ್ ಹದಿನಾಲ್ಕು: "ಸೈಕಲ್ ಕಳವಾಯಿತೆಂದು ಸುಳ್ಳು ಕಾರಣ ನೀಡಿ ತಡವಾಗಿ ಹಾಜರಾಗಿದ್ದಾರೆ."

"ಇದಕ್ಕಾ?" ಎಂದು ಕೇಳಿದರು.

"ತಡವಾಗಿ ಬಂದೆ ಅಂತ ಬರೆದಿದ್ರೆ ಸುಮ್ಮನಿರ್ತಿದ್ದೆ ಸಾರ್. ಬಂದಿದ್ದು ತಡಾನೇ." ಕತ್ತಲ ಮೂಲೆಯಿಂದ ಮಾತು ತಡೆದು ತಡೆದು ಬಂತು. "ಸುಳ್ಳು ಅಂತ ಬರೆದ್ರು. ಕೆಂಪಲ್ಲಿ. ಒಗೆದ್ರೆ ಹೋಗಲ್ಲ ಅದು."

ಇನ್ಸ್‌ಪೆಕ್ಟರ್ ಎಫ್‌ಐಆರಿನ ಹೊಸ ನಮೂನೆ ತೆಗೆದರು. ಬರಹಗಾರನನ್ನು ಕರೆಯಲಿಲ್ಲ.

"ಡಿಸೆಂಬರ್ ನಾಲ್ಕು. ಎಷ್ಟು ಗಂಟೆಗೆ ನಿಲ್ಲಿಸಿದ್ರಿ?"

"ಬೆಳಿಗ್ಗೆ ಐದು ಐವತ್ತು."

"ಬೀಗ?"

ಮಡಿಕೆ ಮಾಮ ಮೂಲೆಯಿಂದೆದ್ದು ಸರಳಿನ ಬಳಿಗೆ ಬಂದ.

"ಹಾಕಿದ್ದೆ ಸಾರ್."

"ಬೀಗ ಹಾಕಲಾಗಿತ್ತು," ಎಂದು ಗಟ್ಟಿಯಾಗಿ ಓದುತ್ತ ಬರೆದರು. ಸೈಕಲ್ಲು ಬೇರೊಬ್ಬರ ಮನೆಯಲ್ಲಿ ಸಿಕ್ಕಿದ್ದು, ಅವರ ಕೀಲಿಗೆ ತೆರೆದದ್ದು, ದೂರುದಾರರು ಹೇಳಿದ್ದೆಲ್ಲ ನಿಜವೆಂದು ತನಿಖೆಯಲ್ಲಿ ಕಂಡುಬಂದದ್ದು, ಇದರ ಒಂದು ಪ್ರತಿಯನ್ನು ಸೇವಾ ಪುಸ್ತಕಕ್ಕೆ ಲಗತ್ತಿಸಬೇಕಾದದ್ದು, ಎಲ್ಲವನ್ನೂ ಬರೆದರು. ಕೊನೆಗೆ ವಿಳಂಬದ ಅಂಕಣ ಬಂತು. ಲೇಖನಿ ನಿಂತಿತು. "ಠಾಣೆ" ಎಂದು ಬರೆಯಬಹುದಿತ್ತು. ಹನ್ನೊಂದರಲ್ಲಿ ಹಾಗೆಯೇ ಬರೆಸಿದ್ದರು. ಎಡಕ್ಕೆ ವಾಲಿದ ಅಕ್ಷರದಲ್ಲಿ, ಈ ಬಾರಿ ಅವಸರವಿಲ್ಲದೆ, ಬರೆದರು: "ನಾನು ನಂಬಲಿಲ್ಲ." ಕೆಳಗೆ ಸಹಿ ಹಾಕಿ ಸರಳುಗಳ ನಡುವೆ ಕೊಟ್ಟರು.

ಮಡಿಕೆ ಮಾಮ ಎರಡು ಸಲ ಓದಿದ. ಅನಂತರ ಕಾಗದವನ್ನು ಗೋಡೆಗೊತ್ತಿ, ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿದ.